ಶೇ 5ರ ನೆಮ್ಮದಿ

ಜನರ ಒತ್ತಡ ಕಳೆಯಲು ಸರ್ಕಾರ ಏನೂ ಮಾಡುತ್ತಿಲ್ಲ ಅಂತ ಇನ್ನು ಮೇಲೆ ಯಾರೂ ಗೊಣಗುವ ಹಾಗಿಲ್ಲ. ಸಲೂನು, ಜಿಮ್ಮು, ಯೋಗ, ಮಸಾಜು ಇಂಥ ಮೈಸುಖದ ಬಾಬತ್ತುಗಳ ಮೇಲಿದ್ದ ಜಿಎಸ್‌ಟಿಯನ್ನು ಶೇ 18ರಿಂದ 5ಕ್ಕೆ ಇಳಿಸಿ ಆಗಿದೆ. ಜಾರಿಗೆ ಬಂದ ದಿನ ಯಾವುದು ನೋಡಿ, 2025ರ ಸೆಪ್ಟೆಂಬರ್ 22. ಅವತ್ತೇ ಚಾಮುಂಡಿ ಬೆಟ್ಟದಲ್ಲಿ ದಸರಾ ಶುರು. ಅತ್ತ ತಾಯಿ ಮಹಿಷಾಸುರನ ಮೇಲೆ ಕಾಲಿಟ್ಟಳು, ಇತ್ತ ದಿಲ್ಲಿಯವರು ನಮ್ಮ ಬೆನ್ನ ಮೇಲೆ ಕೈಯಿಟ್ಟರು.

ಅದೇ ವರ್ಷ ಜನವರಿಯಲ್ಲಿ ಸರ್ಕಾರಿ ಬಸ್ ದರ ಶೇ 15 ಏರಿತ್ತು. ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಅಂದರೆ ಮೈ ನೋಯಿಸಿಕೊಳ್ಳುವ ಖರ್ಚು ಜಾಸ್ತಿಯಾಯಿತು, ನೀವಿಸಿಕೊಳ್ಳುವ ಖರ್ಚು ಕಡಿಮೆಯಾಯಿತು. ಅದು ರಾಜ್ಯದ್ದು, ಇದು ಕೇಂದ್ರದ್ದು ಅಂತ ಯಾರಾದರೂ ಜಗಳಕ್ಕೆ ಬರುವ ಮೊದಲೇ ಹೇಳಿಬಿಡುತ್ತೇನೆ. ಬೆನ್ನು ಒಂದೇ.

ಈಗ ಮೈಸೂರಿನ ಯಾವ ಬಡಾವಣೆಗೆ ಹೋದರೂ ಒಂದು ಸ್ಪಾ ಇದೆ. ಮೊದಲ ಮಹಡಿ, ಕಪ್ಪು ಗಾಜಿನ ಬಾಗಿಲು, ಒಳಗೆ ಬುದ್ಧ. ಅರಮನೆ, ಹೆಂಡತಿ, ಮಗು ಎಲ್ಲ ಬಿಟ್ಟು ಎದ್ದು ಹೋದವನನ್ನು ಹಿಡಿದು ತಂದು ರಿಸೆಪ್ಶನ್ನಿನಲ್ಲಿ ಕೂರಿಸಿ, ಪಕ್ಕದಲ್ಲೇ ಕಾರ್ಡ್ ಉಜ್ಜುವ ಮೆಷಿನ್ ಇಟ್ಟಿದ್ದಾರೆ. ಅಲ್ಲಿ ಮೊದಲು ಉಜ್ಜುವುದು ಕಾರ್ಡನ್ನೇ. ಮೈ ಆಮೇಲೆ.

ಮೆನು ನೋಡಿದರೆ ಪಾಸ್‌ಪೋರ್ಟ್ ಬೇಕೇನೋ ಅನ್ನಿಸುತ್ತದೆ. ಸ್ವೀಡಿಷ್, ಥಾಯ್, ಬಾಲಿ. ಥಾಯ್ಲೆಂಡಿನವರು ಬುದ್ಧಿವಂತರು, 2019ರಲ್ಲಿ ತಮ್ಮ ಮಸಾಜನ್ನು ಯುನೆಸ್ಕೊ ಪರಂಪರೆಯ ಪಟ್ಟಿಗೇ ಸೇರಿಸಿಬಿಟ್ಟರು. ಸ್ವೀಡಿಷ್ ಕಥೆ ಇನ್ನೂ ಮಜವಾಗಿದೆ. ನೀವುವುದು, ಹಿಸುಕುವುದು, ತಟ್ಟುವುದು ಅಂತ ಪಟ್ಟುಗಳನ್ನು ವಿಂಗಡಿಸಿಟ್ಟವನು ಮೆಟ್ಜ್‌ಗರ್ ಎಂಬ ಡಚ್ ಡಾಕ್ಟರು. ಕೀರ್ತಿ ಹೋದದ್ದು ಸ್ವೀಡನ್ನಿನ ಲಿಂಗ್ ಎಂಬ ವ್ಯಾಯಾಮದ ಮೇಷ್ಟ್ರಿಗೆ. ದುಡಿದವನೊಬ್ಬ, ಹೆಸರು ಇನ್ನೊಬ್ಬನಿಗೆ. ನಮ್ಮ ಕಚೇರಿಗಳಲ್ಲಿ ಅರ್ಧ ಒತ್ತಡ ಹುಟ್ಟುವುದೇ ಇದರಿಂದ, ಅಲ್ವಾ? ಅದನ್ನು ಕಳೆಯುವ ವಿದ್ಯೆಯೂ ಹಾಗೇ ಹುಟ್ಟಿದೆ.

ಮೆನುವಿನಲ್ಲಿ ಮೈಸೂರು ಮಾತ್ರ ಇಲ್ಲ. ಹಳೇ ಮೊಹಲ್ಲಾಗಳ ಗರಡಿಮನೆಗಳಲ್ಲಿ ಉಸ್ತಾದರು ಮಾಲೀಷು ಮಾಡುತ್ತಿದ್ದದ್ದನ್ನು ಕಂಡವರಿಗೆ ಗೊತ್ತು, ಅಲ್ಲಿ ಕೊಳಲಿನ ಸಂಗೀತ ಇರಲಿಲ್ಲ. ‘ಪ್ರೆಶರ್ ಸರಿ ಇದೆಯಾ ಸರ್’ ಅಂತ ಯಾರೂ ಕೇಳುತ್ತಿರಲಿಲ್ಲ. ಪೈಲ್ವಾನ ‘ಅಯ್ಯೋ’ ಅಂದರೆ ಪ್ರೆಶರ್ ಸರಿ ಇದೆ ಅಂತ ಅರ್ಥ. ಜಟ್ಟಿಗಳ ಮನೆತನದವರು ಕುಸ್ತಿ ಆಡುವುದರ ಜೊತೆಗೆ ಮುರಿದ ಮೂಳೆಯನ್ನೂ ಕೂರಿಸುತ್ತಿದ್ದರು. ಮುರಿಯುವವರೂ ಅವರೇ, ಕೂರಿಸುವವರೂ ಅವರೇ. ಈ ಮಾದರಿಯನ್ನು ಇಂದಿನ ದೊಡ್ಡ ಕಂಪನಿಗಳು ಚೆನ್ನಾಗಿ ಕಲಿತಿವೆ. ವಾರವೆಲ್ಲ ಹಿಂಡಿ, ಶುಕ್ರವಾರ ಸಂಜೆ ‘ವೆಲ್‌ನೆಸ್ ಸೆಷನ್’ ಇಡುತ್ತಾರೆ. ಹಾಜರಿ ಕಡ್ಡಾಯ.

ಜಟ್ಟಿಗಳ ಮಾತು ಬಂತಲ್ಲ, ಇನ್ನೊಂದು ಹೇಳಬೇಕು. ವಿಜಯದಶಮಿ ದಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆಯಿಂದ ಮೊದಲ ಹನಿ ರಕ್ತ ಬಂದ ಕೂಡಲೇ ನಿಲ್ಲಿಸುತ್ತಾರೆ. ಟಾರ್ಗೆಟ್ ಕೊಡುವ ಮ್ಯಾನೇಜರುಗಳು ಒಮ್ಮೆ ಬಂದು ನೋಡಬೇಕು. ಎಲ್ಲಿ ನಿಲ್ಲಿಸಬೇಕು ಅಂತ ಒಂದು ಅಂದಾಜು ಸಿಗಬಹುದು.

ಮಸಾಜ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಬಿಗಿದ ಸ್ನಾಯು ಸಡಿಲವಾಗುತ್ತದೆ, ಉಸಿರು ನಿಧಾನವಾಗುತ್ತದೆ, ಆ ಹೊತ್ತಿಗೆ ಆತಂಕ ಇಳಿಯುತ್ತದೆ. ಆಯುರ್ವೇದದವರು ಅಭ್ಯಂಗ ಅಂತ ಇದನ್ನು ಯಾವಾಗಲೋ ಹೇಳಿದ್ದಾರೆ, ನಮ್ಮೂರಿನ ಸರ್ಕಾರಿ ಆಯುರ್ವೇದ ಕಾಲೇಜು ಶುರುವಾಗಿದ್ದೇ 1908ರಲ್ಲಿ. ಆದರೆ ಪೇಪರ್ ಜೊತೆ ಬಂದು ಬೀಳುವ ಪಾಂಪ್ಲೆಟ್‌ಗಳು ಅಷ್ಟಕ್ಕೆ ನಿಲ್ಲಲ್ಲ. ನಿಮ್ಮ ಕಾರ್ಟಿಸಾಲನ್ನು, ಅಂದರೆ ಒತ್ತಡದ ಹಾರ್ಮೋನನ್ನು, ಬುಡಸಮೇತ ಕೀಳುತ್ತೇವೆ ಅನ್ನುತ್ತವೆ. ಈ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ 2011ರಲ್ಲಿ ಒಟ್ಟು ಹಾಕಿ ನೋಡಿದವರಿಗೆ ಮಸಾಜಿನಿಂದ ಕಾರ್ಟಿಸಾಲ್ ಇಳಿಯುವುದು ತೀರಾ ಅಲ್ಪ, ಬಹಳ ಕಡೆ ಇಲ್ಲವೆನ್ನುವಷ್ಟು ಅಂತ ಕಂಡಿತು. ಕಾರ್ಟಿಸಾಲಿಗೂ ಗೊತ್ತಿರಬೇಕು, ಲಾಕರಿನಲ್ಲಿಟ್ಟ ಫೋನಿನಲ್ಲಿ ಬಾಸಿನ ಮೆಸೇಜುಗಳು ಕಾಯುತ್ತಿವೆ ಅಂತ.

ಮೈಸೂರಿನ ಯೋಗಶಾಲೆಗಳ ಬಡಾವಣೆ ಗೋಕುಲಂ ಕಡೆ ಹೋದರೆ ತಮಾಷೆ ಇನ್ನೂ ಚೆನ್ನಾಗಿ ಕಾಣುತ್ತದೆ. ಯುರೋಪು, ಅಮೆರಿಕದವರು ಯೋಗದ ಚಾಪೆ ಬಗಲಿಗಿಟ್ಟುಕೊಂಡು ಒತ್ತಡ ಕಳೆಯಲು ಇಲ್ಲಿಗೆ ಬರುತ್ತಾರೆ. ಇಲ್ಲಿನ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಬೆನ್ನಿಗೇರಿಸಿಕೊಂಡು ಒತ್ತಡ ಸಂಪಾದಿಸಲು ಬೆಂಗಳೂರಿಗೆ ಹೋಗುತ್ತಾರೆ.

ಹೋಗುವುದು ರೈಲಿನಲ್ಲಿ. ರೈಲಿನಲ್ಲೂ ಮಸಾಜ್ ಬರುವುದಿತ್ತು, ನೆನಪಿದೆಯಾ? 2019ರ ಜೂನ್‌ನಲ್ಲಿ ಇಂದೋರಿನಿಂದ ಹೊರಡುವ 39 ರೈಲುಗಳಲ್ಲಿ ತಲೆಗೆ, ಪಾದಕ್ಕೆ ಮಸಾಜ್ ಅಂತ ಘೋಷಣೆಯಾಯಿತು. ಗೋಲ್ಡ್ 100 ರೂಪಾಯಿ, ಡೈಮಂಡ್ 200, ಪ್ಲಾಟಿನಂ 300. ಹೆಂಗಸರ ಎದುರು ಇದೆಲ್ಲ ಸಭ್ಯತೆಯಾ ಅಂತ ಅಲ್ಲಿನ ರಾಜಕಾರಣಿಗಳೇ ತಕರಾರು ತೆಗೆದರು. ಶುರುವಾಗುವ ಮೊದಲೇ ಯೋಜನೆ ವಾಪಸ್. ನಮಗೇನೂ ನಷ್ಟವಿಲ್ಲ. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್‌ಗೆ ಮಂಡ್ಯದಲ್ಲಿ ಹತ್ತಿ ನೋಡಿ. ಬಾಗಿಲಲ್ಲೇ ಭುಜಕ್ಕೆ ಗೋಲ್ಡ್. ಮದ್ದೂರಿನಲ್ಲಿ ಇನ್ನಷ್ಟು ಜನ ಹತ್ತುತ್ತಾರೆ, ಪಕ್ಕೆಲುಬಿಗೆ ಡೈಮಂಡ್. ವಡೆ ಬುಟ್ಟಿ ಹೊತ್ತವನು ನಡುವೆ ನುಸುಳಿದರೆ ಪ್ಲಾಟಿನಂ, ಅದೂ ಬಿಸಿ ಎಣ್ಣೆಯದ್ದು. ಎಲ್ಲ ತಿಂಗಳ ಪಾಸಿನಲ್ಲೇ ಬಂತು.

ಇನ್ನು ವಿಧಾನಸಭೆಯ ರಿಕ್ಲೈನರ್ ಕುರ್ಚಿಗಳು. ಊಟಕ್ಕೆ ಎದ್ದು ಹೋದ ಶಾಸಕರು ಮಧ್ಯಾಹ್ನ ವಾಪಸ್ ಬರುವುದಿಲ್ಲ, ಇಲ್ಲೇ ಸ್ವಲ್ಪ ಒರಗಲಿ, ಬಾಡಿಗೆಗೆ ಕುರ್ಚಿ ತರಿಸೋಣ ಅಂತ ಸ್ಪೀಕರ್ ಹೇಳಿದ್ದು 2025ರ ಫೆಬ್ರವರಿಯಲ್ಲಿ. ಎಂಥಾ ಕರುಳು! ಶಾಲೆಯಲ್ಲಿ ಊಟದ ಬೆಲ್ ಆದ ಮೇಲೆ ಕಾಂಪೌಂಡ್ ಹಾರುವ ಹುಡುಗರಿಗೆ ನಮ್ಮ ಮೇಷ್ಟ್ರು ಬೆತ್ತ ಕೊಡುತ್ತಿದ್ದರು, ಹಾಸಿಗೆ ಕೊಡಬೇಕು ಅಂತ ಪಾಪ ಅವರಿಗೆ ಹೊಳೆಯಲಿಲ್ಲ. ಮಾರ್ಚ್‌ನಲ್ಲಿ ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ. ಅವತ್ತೇ ಅಮಾನತಾದ 18 ಬಿಜೆಪಿ ಶಾಸಕರಲ್ಲಿ ಕೆಲವರನ್ನು ಮಾರ್ಷಲ್‌ಗಳು ಕೈಕಾಲು ಹಿಡಿದು ಎತ್ತಿ ಹೊರಗೆ ಬಿಟ್ಟರು. ಅದೂ ಒಂದು ಥರದ ಬಾಡಿ ಮಸಾಜೇ.

ಅದೇ ವರ್ಷ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲೇ ರಾತ್ರಿ ಕಳೆದರು. ಕೇಳಿದ್ದು ತಿಂಗಳಿಗೆ 15 ಸಾವಿರ. 10 ಸಾವಿರ ಅಂತ ಭರವಸೆ ಸಿಕ್ಕಿತು, ಮನೆಗೆ ಹೋದರು. ಆಗಸ್ಟ್‌ನಲ್ಲಿ, ಕೊಟ್ಟ ಮಾತು ಎಲ್ಲಿ ಅಂತ ಕೇಳಲು ಮತ್ತೆ ಬೀದಿಗೆ ಬರಬೇಕಾಯಿತು. ಅವರಿಗೆ ಯಾರೂ ಒರಗುವ ಕುರ್ಚಿ ತರಿಸಲಿಲ್ಲ. ದಸರಾ ಮುಗಿದ ಮಾರನೇ ಬೆಳಿಗ್ಗೆ ಬನ್ನಿಮಂಟಪದ ರಸ್ತೆ ಗುಡಿಸುವವರ ಸೊಂಟಕ್ಕೆ ಯಾವ ಪ್ಯಾಕೇಜೂ ಇಲ್ಲ. ಬಿಸಿಲಿನಲ್ಲಿ ಕಬ್ಬು ಕಡಿಯುವವರ ಭುಜ ಇವತ್ತಿನವರೆಗೆ ಯಾವ ಪಾಂಪ್ಲೆಟ್‌ನಲ್ಲೂ ಬಂದಿಲ್ಲ. ಇದರಲ್ಲಿ ತಮಾಷೆ ಮಾಡುವುದಕ್ಕೆ ಏನೂ ಇಲ್ಲ. ಬೇಜಾರಾಗುತ್ತದೆ ಅಷ್ಟೇ.

ಮಸಾಜ್ ಮಾಡುವ ಹುಡುಗಿಯರ ಪಾಡು ಬೇರೆ. ದಿನವಿಡೀ ಊರವರ ಬೆನ್ನು ತಿಕ್ಕಿ ಅವರ ಹೆಬ್ಬೆರಳು, ಮಣಿಕಟ್ಟು ಹಿಡಿದುಕೊಂಡಿರುತ್ತವೆ. ಎಲ್ಲೋ ಒಂದು ಕಡೆ ಪೊಲೀಸ್ ದಾಳಿಯಾದರೆ ಸಾಕು, ಟೀವಿಯವರು ಕ್ಯಾಮೆರಾ ಹಿಡಿದು ಓಡಿ ಬರುತ್ತಾರೆ. ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಜೀಪ್ ಹತ್ತುವುದನ್ನು ಸಂಜೆಯವರೆಗೆ ತಿರುಗಿಸಿ ತಿರುಗಿಸಿ ತೋರಿಸುತ್ತಾರೆ. ಗಿರಾಕಿಯ ಮುಖ ಮಾತ್ರ ಯಾವತ್ತೂ ಫ್ರೇಮಿಗೆ ಬರುವುದಿಲ್ಲ. ಓನರಿನದ್ದೂ ಬರುವುದಿಲ್ಲ. ಮಾರನೇ ದಿನದಿಂದ ನಿಯತ್ತಾಗಿ ಕೆಲಸ ಮಾಡುವ ಇನ್ನೊಂದು ಸ್ಪಾದ ಹುಡುಗಿ ಮನೆಯಲ್ಲಿ ‘ಬ್ಯೂಟಿ ಪಾರ್ಲರ್’ ಅಂತ ಸುಳ್ಳು ಹೇಳಿ ಹೊರಡಬೇಕು. ಆ ಒತ್ತಡಕ್ಕೆ ಎಷ್ಟು ಪರ್ಸೆಂಟ್ ಅಂತ ಯಾವ ಜಿಎಸ್‌ಟಿ ಕೌನ್ಸಿಲ್ಲೂ ನಿಗದಿ ಮಾಡಿಲ್ಲ.

ಮಂಡ್ಯದಲ್ಲಿ ಮನಸಾರೆ ವಿಶ್ರಾಂತಿ ಪಡೆದದ್ದು ಅಂದರೆ ಮೈಷುಗರ್ ಕಾರ್ಖಾನೆ ಮಾತ್ರ. 1933ರಿಂದ ದುಡಿದು, ನಡುವೆ ವರ್ಷಗಟ್ಟಲೆ ಮಲಗಿ, 2022ರಲ್ಲಿ ಮತ್ತೆ ಎದ್ದು ಕೂತಿತು. ಕಬ್ಬು ಬೆಳೆದವರಿಗೆ ಆ ಭಾಗ್ಯವೂ ಇಲ್ಲ.

ಅಧಿವೇಶನ ವರ್ಷದಲ್ಲಿ ಎಷ್ಟು ದಿನ ನಡೆಯುತ್ತದೆ ಅಂತ ಗೊತ್ತೇ ಇದೆ. ಹಾಗಾಗಿ ಮಾನ್ಯ ಸದಸ್ಯರಲ್ಲಿ ಒಂದು ಮನವಿ. ಉಳಿದ ದಿನಗಳಲ್ಲಿ ಆ ಕುರ್ಚಿಗಳನ್ನು ಮಂಡ್ಯ ಸ್ಟೇಷನ್ನಿನ ಪ್ಲಾಟ್‌ಫಾರ್ಮಿಗೆ ಕಳಿಸಿಕೊಡಿ, ಬಾಡಿಗೆ ನಾವೇ ಚಂದಾ ಎತ್ತಿ ಕಟ್ಟುತ್ತೇವೆ. ಕುರ್ಚಿ ಬಿಟ್ಟುಕೊಡುವುದು ಕಷ್ಟ ಅಂದರೆ, ಅದು ನಿಮ್ಮ ಕಸುಬಿನಲ್ಲಿ ಸಹಜವೇ ಬಿಡಿ, ದಿಲ್ಲಿಯವರಿಗೆ ಹೇಳಿ ಬೆಳಗಿನ ರೈಲಿಗೆ ಎರಡು ಬೋಗಿ ಜಾಸ್ತಿ ಹಾಕಿಸಿ. ಪ್ಲಾಟಿನಂ ದರ ಹಾಕಿದರೂ ಕೊಡುತ್ತೇವೆ.