ಹಾಡಿನ ಹುಡುಗಿ ನಲ್ಲಿ ರಿಪೇರಿಗೆ ಬಂದರೆ

ಹಾಡಿನಲ್ಲಿ ಯಾರದಾದರೂ ಹೆಸರು ಬಂದರೆ ಸಾಕು, ರಾಗ ತಾಳಗಳ ಕಡೆಗೆ ಗಮನ ಹೋಗುವ ಮೊದಲೇ ನನಗೆ ಒಂದು ಪೀಕಲಾಟ ಶುರುವಾಗುತ್ತದೆ. ಈ ಹೆಸರಿನವರು ನಿಜವಾಗಿಯೂ ಇದ್ದರೇ? ಇದ್ದರೆ ಮುಂದೆ ಹೊಟ್ಟೆಪಾಡಿಗೆ ಏನು ಮಾಡಿದರು? ಪ್ರೇಮ ಏನಾಯಿತು ಎಂದು ಕೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಅದಕ್ಕೆ ಉತ್ತರವೂ ಹೆಚ್ಚುಕಡಿಮೆ ಒಂದೇ: ಮುರಿದುಬಿತ್ತು. ಉದ್ಯೋಗದ ವಿಷಯ ಹಾಗಲ್ಲ. ಹಳೆಯ ರಾಕ್ ಅಂಡ್ ರೋಲ್ ಹಾಡುಗಳ ಜನರ ಉದ್ಯೋಗ ಹುಡುಕಿಕೊಂಡು ಹೊರಟರೆ, ಕೆಲವೊಮ್ಮೆ ಹಾಡಿಗಿಂತ ಸ್ವಾರಸ್ಯವಾದದ್ದು ಸಿಗುತ್ತದೆ.

ಬಡ್ಡಿ ಹಾಲಿ 1957ರಲ್ಲಿ ಹಾಡಿದ ‘ಪೆಗ್ಗಿ ಸೂ’ವನ್ನೇ ತೆಗೆದುಕೊಳ್ಳಿ. ಎರಡೂವರೆ ನಿಮಿಷದ ಹಾಡು, ಅದರ ತುಂಬ ಅವಳ ಹೆಸರೇ. ಹಾಲಿ ಆ ಹೆಸರನ್ನು ಒಮ್ಮೆ ಬಿಕ್ಕಳಿಸುತ್ತಾ, ಒಮ್ಮೆ ಮಗುವಿನಂತೆ ಮುದ್ದುಗರೆಯುತ್ತಾ, ಒಮ್ಮೆ ಅಕ್ಷರ ಅಕ್ಷರವನ್ನೂ ತುಂಡು ಮಾಡಿ ಹಾಡುತ್ತಾನೆ. ಆದರೆ ಕೊನೆಯವರೆಗೆ ಕಿವಿಗೊಟ್ಟು ಕೇಳಿದರೂ ಹುಡುಗಿಯ ಊರು ತಿಳಿಯುವುದಿಲ್ಲ, ಕೂದಲ ಬಣ್ಣ ತಿಳಿಯುವುದಿಲ್ಲ. ಚೆಂದ ಇದ್ದಾಳೆ, ಅವಳೆಂದರೆ ನನಗೆ ಪ್ರಾಣ, ಅವಳಿಲ್ಲದೆ ಬೇಸರ. ಇಷ್ಟೇ ಮಾಹಿತಿ. ಇಷ್ಟನ್ನು ಹೇಳಿದರೆ ಪೊಲೀಸರು ಕೂಡ ದೂರು ಬರೆದುಕೊಳ್ಳುವುದಿಲ್ಲ.

ಅದಕ್ಕೆ ಕಾರಣವಿದೆ. ಹಾಡು ಹುಟ್ಟಿದ್ದೇ ಬೇರೆ ಹೆಸರಿಗೆ. ಮೊದಲು ಅದು ಹಾಲಿಯ ಅಕ್ಕನ ಮಗಳ ಹೆಸರಿನಲ್ಲಿ ‘ಸಿಂಡಿ ಲೂ’ ಆಗಿತ್ತು. ಡ್ರಮ್ ನುಡಿಸುತ್ತಿದ್ದ ಜೆರಿ ಆಲಿಸನ್‌ಗೆ ಪೆಗ್ಗಿ ಸೂ ಜೆರಾನ್ ಎಂಬ ಹುಡುಗಿಯ ಮೇಲೆ ಮನಸ್ಸಿತ್ತು. ಹೆಸರು ಬದಲಾಯಿಸು ಎಂದು ಅವನು ಗಂಟುಬಿದ್ದ. ಹೀಗಾಗಿ ಹಾಡಿದವನು ಒಬ್ಬ, ಪ್ರೀತಿಸಿದವನು ಇನ್ನೊಬ್ಬ. ನ್ಯೂ ಮೆಕ್ಸಿಕೋದ ಕ್ಲೋವಿಸ್ ಎಂಬ ಸಣ್ಣ ಊರಿನ ಸ್ಟುಡಿಯೋದಲ್ಲಿ ಧ್ವನಿಮುದ್ರಣ ನಡೆಯಿತು. ಡ್ರಮ್ಮಿನ ಸದ್ದು ಉಳಿದದ್ದನ್ನೆಲ್ಲ ನುಂಗುತ್ತದೆ ಎಂದು ಆಲಿಸನ್‌ನನ್ನು ವಾದ್ಯದ ಸಮೇತ ಹೊರಗಿನ ಕೋಣೆಗೆ ಅಟ್ಟಿದರು. ಅಲ್ಲಿಂದಲೇ ಅವನು ಉಸಿರು ಬಿಡದೆ ಬಾರಿಸುತ್ತಾನೆ. ನಿರ್ಮಾಪಕ ನಾರ್ಮನ್ ಪೆಟ್ಟಿ ಪ್ರತಿಧ್ವನಿಯನ್ನು ಒಮ್ಮೆ ಸೇರಿಸಿ ಒಮ್ಮೆ ತೆಗೆಯುತ್ತಾ ಹೋದದ್ದರಿಂದ ಆ ಸದ್ದು ಹತ್ತಿರ ಬಂದು ಮತ್ತೆ ದೂರ ಸರಿದಂತೆ ಕೇಳುತ್ತದೆ. ಇಡೀ ಹಾಡಿನಲ್ಲಿ ನನಗೆ ಪ್ರೇಮಪತ್ರವಾಗಿ ಕೇಳುವುದು ಆ ಡ್ರಮ್ ಮಾತ್ರ.

1958ರಲ್ಲಿ ಜೆರಿ ಮತ್ತು ಪೆಗ್ಗಿ ಸೂ ಮದುವೆಯಾದರು. ಅದೇ ವರ್ಷ ಹಾಲಿಗೂ ಮದುವೆಯಾಯಿತು. ಎರಡೂ ಜೋಡಿಗಳು ಒಟ್ಟಿಗೇ ಮೆಕ್ಸಿಕೋದ ಅಕಾಪುಲ್ಕೋಗೆ ಮಧುಚಂದ್ರಕ್ಕೆ ಹೋದವು. ಪೆಗ್ಗಿ ಸೂಗೆ ಮದುವೆಯಾಯಿತಂತೆ ಎಂದು ಹಾಲಿ ಇನ್ನೊಂದು ಹಾಡು ಕಟ್ಟಿ, ನ್ಯೂಯಾರ್ಕಿನ ಮನೆಯಲ್ಲೇ ಟೇಪಿನಲ್ಲಿ ಹಾಡಿಟ್ಟ. ಅದು ಹೊರಬರುವ ಹೊತ್ತಿಗೆ ಅವನಿರಲಿಲ್ಲ. 1959ರ ಫೆಬ್ರವರಿ 3ರಂದು ಅಯೋವಾದಲ್ಲಿ ವಿಮಾನ ಬಿದ್ದು ಸತ್ತಾಗ ಅವನಿಗೆ 22 ವರ್ಷ. ಜೆರಿ ಮತ್ತು ಪೆಗ್ಗಿ ಸೂ ಸಂಸಾರವೂ 1960ರ ದಶಕ ದಾಟಲಿಲ್ಲ.

ನನ್ನ ಆಸಕ್ತಿ ಕೆರಳುವುದು ಇಲ್ಲಿಂದ. ಪೆಗ್ಗಿ ಸೂ ಕ್ಯಾಲಿಫೋರ್ನಿಯಾದಲ್ಲಿ ಎರಡನೆಯ ಮದುವೆಯಾಗಿ, ಗಂಡನ ಜೊತೆ ಸೇರಿ ನಲ್ಲಿ, ಪೈಪು, ಚರಂಡಿ ರಿಪೇರಿಯ ವ್ಯವಹಾರ ನಡೆಸಿದರು. ತಾವೇ ಪ್ಲಂಬರ್ ಪರವಾನಗಿಯನ್ನೂ ಪಡೆದರು. ಹೆಂಗಸರು ಆ ಕೆಲಸಕ್ಕೆ ಕೈ ಹಾಕುತ್ತಿದ್ದದ್ದು ಅಪರೂಪವಾಗಿದ್ದ ಕಾಲ. ಅಲ್ಲಿಂದ ಮುಂದಿನದು ನನ್ನ ಕಟ್ಟುಕತೆ. ಯಾರದೋ ಅಡುಗೆಮನೆಯ ಸಿಂಕು ಕಟ್ಟಿಕೊಂಡಿದೆ. ಪಾತ್ರೆ ತೊಳೆದ ನೀರು, ಅನ್ನದ ಅಗುಳು ಎಲ್ಲ ಮೇಲಕ್ಕೆ ಬರುತ್ತಿದೆ. ಫೋನ್ ಮಾಡಿದ್ದಕ್ಕೆ ಬಂದವರು ಪಾನಾ ಹಿಡಿದು ಸಿಂಕಿನ ಕೆಳಗೆ ತೂರಿದ್ದಾರೆ. ಮೇಲೆ ಕಿಟಕಿಯ ಪಕ್ಕದ ರೇಡಿಯೋದಲ್ಲಿ ಆ ಹಾಡು. ಮನೆಯ ಯಜಮಾನ ಅದರ ಜೊತೆಗೆ ತಾನೂ ಬಿಕ್ಕಳಿಸುತ್ತಾ, ನಡುವೆ ಒಮ್ಮೆ ಬಗ್ಗಿ ನೋಡಿ, ಇನ್ನೂ ಎಷ್ಟು ಹೊತ್ತಾಗುತ್ತದೆ ಎಂದು ಕೇಳುತ್ತಾನೆ. ಆ ಹಾಡು ಅಮೆರಿಕದ ರೇಡಿಯೋಗಳಲ್ಲಿ ಬಂದ ಪರಿ ನೋಡಿದರೆ ಇಂಥದ್ದು ಒಂದು ದಿನವಾದರೂ ನಡೆಯದೆ ಇದ್ದೀತೇ? ಪೆಗ್ಗಿ ಸೂ 2018ರಲ್ಲಿ, 78ನೇ ವಯಸ್ಸಿನಲ್ಲಿ, ಟೆಕ್ಸಸ್‌ನ ಲಬಕ್‌ನಲ್ಲಿ ತೀರಿಕೊಂಡರು.

ವ್ಯವಹಾರಜ್ಞಾನದಲ್ಲಿ ಎಲ್ಲರನ್ನೂ ಮೀರಿಸಿದವರು ಶರೋನಾ ಆಲ್ಪೆರಿನ್. 1979ರ ‘ಮೈ ಶರೋನಾ’ದ ಶರೋನಾ. ಮುಂದೆ ಲಾಸ್ ಏಂಜಲಿಸ್‌ನಲ್ಲಿ ಮನೆ ಮಾರಾಟದ ಏಜೆಂಟ್ ಆದರು. ಹಾಡಿನ ಹೆಸರನ್ನೇ ತಮ್ಮ ವೆಬ್‌ಸೈಟಿನ ವಿಳಾಸವಾಗಿ ಇಟ್ಟುಕೊಂಡರು. ಇಷ್ಟು ಪ್ರಚಾರವನ್ನು ದುಡ್ಡು ಕೊಟ್ಟು ಮಾಡಿಸಲು ಯಾವ ಏಜೆಂಟರಿಂದ ಆದೀತು! ನೀಲ್ ಸೆಡಾಕ 1959ರಲ್ಲಿ ‘ಓ ಕ್ಯಾರಲ್’ ಎಂದು ಹಲುಬಿದ್ದು ಹೈಸ್ಕೂಲು ಕಾಲದ ಗೆಳತಿ ಕ್ಯಾರಲ್ ಕ್ಲೈನ್‌ಗಾಗಿ. ಆಕೆ ಅಷ್ಟರಲ್ಲಿ ಕ್ಯಾರಲ್ ಕಿಂಗ್ ಆಗಿ, ಮದುವೆಯೂ ಆಗಿದ್ದಳು. ಗಂಡ ಜೆರಿ ಗಾಫಿನ್ ಬರೆದುಕೊಟ್ಟ ಸಾಲುಗಳನ್ನು ಅದೇ ಧಾಟಿಯಲ್ಲಿ ‘ಓ ನೀಲ್’ ಎಂದು ಹಾಡಿ ಬಡ್ಡಿ ಸಮೇತ ತೀರಿಸಿದಳು. ಹಾಡು ಬಿದ್ದುಹೋಯಿತು, ಮಾತು ಬೇರೆ.

ಪ್ಯಾಟಿ ಬಾಯ್ಡ್ ಕಥೆ ಎಲ್ಲರೂ ಹೇಳಿ ಸವೆದದ್ದು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಮತ್ತು ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್, ಇಬ್ಬರ ಹೆಂಡತಿಯೂ ಆಗಿದ್ದ ಆಕೆಯ ಸುತ್ತ ಎಷ್ಟೋ ಹಾಡುಗಳಿವೆ. ಕ್ಲಾಪ್ಟನ್ ‘ವಂಡರ್‌ಫುಲ್ ಟುನೈಟ್’ ಬರೆದದ್ದು ಪಾರ್ಟಿಗೆ ಹೊರಟಾಗ, ಆಕೆ ಸೀರಿಯಸ್ಸಾಗಿ ಬಟ್ಟೆ ಆರಿಸುತ್ತಿದ್ದ ಹೊತ್ತಿನಲ್ಲಿ, ಕಾದು ಕಾದು ಸುಸ್ತಾಗಿ. ಆ ಪಾರ್ಟಿ ಯಾರದು ಗೊತ್ತೇ? ಬಡ್ಡಿ ಹಾಲಿಯ ನೆನಪಿಗೆ ಪಾಲ್ ಮೆಕಾರ್ಟ್ನಿ ವರ್ಷ ವರ್ಷವೂ ಕೊಡುತ್ತಿದ್ದದ್ದು. ಬಾಯ್ಡ್ ಮುಂದೆ ಛಾಯಾಗ್ರಾಹಕಿಯಾಗಿ, ತಮ್ಮನ್ನು ಹಾಡಿದ ಆ ಗಂಡಂದಿರ ಚಿತ್ರಗಳನ್ನೇ ಪ್ರದರ್ಶನಕ್ಕಿಟ್ಟರು.

ಇನ್ನು ನಮ್ಮ ಋಷಿಕೇಶದ ಸಂಗತಿ. 1968ರಲ್ಲಿ ಮಹರ್ಷಿ ಮಹೇಶ ಯೋಗಿಯ ಆಶ್ರಮಕ್ಕೆ ಬೀಟಲ್ಸ್ ಬಂದಾಗ ಪ್ರೂಡೆನ್ಸ್ ಫ್ಯಾರೋ ಎಂಬ ಯುವತಿ ಕೋಣೆ ಬಿಟ್ಟು ಹೊರಗೇ ಬರದೆ ಧ್ಯಾನಕ್ಕೆ ಕೂತಿದ್ದಳು. ಹೊರಗೆ ಬಾ, ಆಡೋಣ ಎಂದು ಜಾನ್ ಲೆನನ್ ‘ಡಿಯರ್ ಪ್ರೂಡೆನ್ಸ್’ ಬರೆದ. ಕರೆದವನು ಏಪ್ರಿಲ್‌ನಲ್ಲಿ ಆಶ್ರಮದ ಮೇಲೆ ಮುನಿಸಿಕೊಂಡು ಊರಿಗೆ ಹೊರಟ. ಕೂತಿದ್ದವಳು ಧ್ಯಾನದ ಶಿಕ್ಷಕಿಯಾದಳು. ಮುಂದೆ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾ ಅಧ್ಯಯನದಲ್ಲಿ ಡಾಕ್ಟರೇಟ್ ಕೂಡ ಪಡೆದರು. ಹಾಡಿನ ಮಾತು ಕೇಳದೆ ಇದ್ದದ್ದಕ್ಕೆ ಇಷ್ಟು ಲಾಭ ಪಡೆದವರು ಇನ್ನೊಬ್ಬರಿಲ್ಲ.

ನನಗೆ ಎಲ್ಲರಿಗಿಂತ ಹೆಚ್ಚು ಕಾಡುವವರು ಜಾನಿ ಜಾನ್ಸನ್. ಸೇಂಟ್ ಲೂಯಿಸ್‌ನ ಈ ಪಿಯಾನೋ ವಾದಕ 1952ರ ಕೊನೆಯ ರಾತ್ರಿ, ತಂಡದಲ್ಲಿ ಒಬ್ಬ ಕಡಿಮೆ ಬಿದ್ದಾಗ ಚಕ್ ಬೆರಿ ಎಂಬ ಹುಡುಗನನ್ನು ಕರೆಸಿಕೊಂಡರು. ಸ್ವಲ್ಪ ಕಾಲದಲ್ಲೇ ತಂಡವೆಲ್ಲ ಬೆರಿಯದಾಯಿತು. 1958ರ ‘ಜಾನಿ ಬಿ. ಗುಡ್’ ಇವರಿಗೆಂದೇ ಬರೆದದ್ದು. ಕುಡಿದು ರಂಪ ಮಾಡಬೇಡ, ಒಳ್ಳೆಯವನಾಗಿರು ಎಂಬ ಬುದ್ಧಿಮಾತು ಶೀರ್ಷಿಕೆಯಲ್ಲೇ ಇದೆ ಎನ್ನುತ್ತಾರೆ. ಆದರೆ ಹಾಡಿನ ಜಾನಿ ನುಡಿಸುವುದು ಗಿಟಾರ್, ಬೆರಿಯ ವಾದ್ಯ! ಮುದ್ರಣದಲ್ಲಿ ಪಿಯಾನೋ ನುಡಿಸಿದ್ದೂ ಲಫಾಯೆಟ್ ಲೀಕ್, ಇವರಲ್ಲ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳು ಹೊತ್ತ ಚಿನ್ನದ ಧ್ವನಿತಟ್ಟೆಯಲ್ಲಿ ಹಾಡು ಆಕಾಶಕ್ಕೂ ಹೋಯಿತು. 1980ರ ದಶಕದಲ್ಲಿ ಜಾನ್ಸನ್ ಸೇಂಟ್ ಲೂಯಿಸ್‌ನಲ್ಲಿ ಬಸ್ ಓಡಿಸುತ್ತಿದ್ದರು.

2000ದಲ್ಲಿ ಅವರು, ಬೆರಿಯ ಹಲವು ಹಾಡುಗಳಲ್ಲಿ ತಮ್ಮ ಪಾಲೂ ಇದೆ ಎಂದು ಕೋರ್ಟಿಗೆ ಹೋದರು. ತುಂಬ ತಡವಾಯಿತೆಂದು 2002ರಲ್ಲಿ ದಾವೆ ವಜಾ ಆಯಿತು. ಆದರೆ ‘ಜಾನಿ ಬಿ. ಗುಡ್’ ವಿಷಯ ಬಂದಾಗ ಮಾತ್ರ ಅವರದು ಬೇರೆಯೇ ಮಾತು: ಅದರಲ್ಲಿ ತಮ್ಮ ಕೈವಾಡ ಏನೂ ಇಲ್ಲ, ಚಕ್ ಒಂದು ರಾತ್ರಿ ಅದನ್ನು ನುಡಿಸಿ, ಇದು ನಿನಗಾಗಿ ಎಂದ, ಅಷ್ಟೇ.