ಚಿಕಿತ್ಸೆಯಲ್ಲಿ ರೋಗಿಯ ಮಾತೇ ಕೊನೆಯದಾಗಬೇಕೇ?

ಪರ: ಮೊದಲು ಅವರನ್ನೇ ಕೇಳಿ

ಅಪ್ಪನ ಎರಡೂ ಕಿಡ್ನಿ ಕೈಕೊಟ್ಟಾಗ ಡಾಕ್ಟರು ನನ್ನನ್ನೂ ಅಣ್ಣನನ್ನೂ ಕಾರಿಡಾರಿಗೆ ಕರೆದು ಮಾತಾಡಿದರು. ಅಪ್ಪ ಒಳಗೆ ಬೆಂಚಿನ ಮೇಲೆ, ಫೈಲು ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ ಡಯಾಲಿಸಿಸ್, ಸೋಮ-ಬುಧ-ಶುಕ್ರ ಅಂತ ಅಲ್ಲೇ ತೀರ್ಮಾನ ಆಯ್ತು. ನಾವು ಹೂಂ ಅಂದೆವು. ಅಪ್ಪನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮದು ಮಂಡ್ಯದ ಹತ್ತಿರದ ಹಳ್ಳಿ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನಂಬಿದ ಗದ್ದೆ. ಸರದಿಯಂತೆ ನೀರು ಬಿಡುವ ಕಟ್ಟು ನೀರಿನಲ್ಲಿ ನಮ್ಮ ಪಾಳಿ ಬುಧವಾರ ಬಂತು. ಅಪ್ಪ ಯಾರಿಗೂ ಹೇಳದೆ ಡಯಾಲಿಸಿಸ್‌ಗೆ ಹೋಗುವ ಮೈಸೂರು ಬಸ್ಸು ಬಿಟ್ಟು ಗದ್ದೆಗೆ ಹೋದರು, ನೀರು ಕಟ್ಟಿ ಸುಸ್ತಾಗಿ ಶುಕ್ರವಾರವೂ ಹೋಗಲಿಲ್ಲ. ಶನಿವಾರ ರಾತ್ರಿ ಉಸಿರಾಡಲು ಒದ್ದಾಡಿದರು. ಐಸಿಯುನಲ್ಲಿ ಎಲ್ಲರೂ ಹಟಮಾರಿ ಅಂತ ಬೈದರು. ಒಬ್ಬ ನರ್ಸ್ ಮಾತ್ರ ‘ಯಾಕೆ ಬರಲಿಲ್ಲ?’ ಅಂತ ಕೇಳಿದರು.

‘ನೀರು ಬಂದಿತ್ತು ಕಣವ್ವ.’

ಆಕೆ ಅಪ್ಪನ ಡಯಾಲಿಸಿಸ್ ದಿನ ಬದಲಿಸಿ ಮಂಗಳ-ಗುರು-ಶನಿ ಮಾಡಿಸಿದರು. ಐದೇ ನಿಮಿಷದ ಕೆಲಸ! ಹೊಟ್ಟೆಯೊಳಗೆ ದ್ರವ ಬಿಟ್ಟು ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್ ಇದೆ ಅಂತ ತಿಳಿದಿದ್ದೂ ಆಕೆಯಿಂದಲೇ.

ಮನೆಯವರು ಒಪ್ಪಿದ್ದರಲ್ಲ ಅನ್ನಬೇಡಿ. ಅರಿವಳಿಕೆಯಲ್ಲಿದ್ದ ಮಗಳ ಗರ್ಭಕೋಶ ತೆಗೆಯಲು ತಾಯಿಯ ಒಪ್ಪಿಗೆ ಸಾಲದು ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಮೈ ಅವರದು, ಬದುಕು ಅವರದು, ಅಲ್ವಾ? ಕೇಳುವುದಕ್ಕೆ ಏನು ಖರ್ಚು?

ವಿರೋಧ: ಕೇಳಬೇಕು, ಆದರೆ...

ವಿರೋಧವಾಗಿ ಬರೆಯಿರಿ ಅಂದರು, ಒಪ್ಪಿಕೊಂಡೆ. ಆಪರೇಷನ್ನಿಗೆ ರೋಗಿಯ ಒಪ್ಪಿಗೆ ಬೇಡ ಅಂತ ನಾನೂ ಹೇಳುವುದಿಲ್ಲ. ಆದರೆ ಮೈಸೂರಿನ ವಾರ್ಡುಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು ನಾನು. ಎಲ್ಲವೂ ರೋಗಿ ಹೇಳಿದಂತೆ ಅಂದರೆ ಡಾಕ್ಟರು ಓದಿದ್ದು ಯಾಕೆ? ಹೋಟೆಲಿನ ತಿಂಡಿಯ ಹಾಗೆ ಇದು ಬೇಕು, ಅದು ಬೇಡ ಅನ್ನಲಾಗುತ್ತದೆಯೇ?

ಟಿಬಿಯನ್ನೇ ನೋಡಿ. ಸಾಮಾನ್ಯ ಟಿಬಿಗೆ 6 ತಿಂಗಳು ಮಾತ್ರೆ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಮೈ ತುಂಬಿಕೊಳ್ಳುತ್ತದೆ, ಇನ್ನು ಸಾಕು ಅಂತಾರೆ. ಅರ್ಧಕ್ಕೆ ಬಿಟ್ಟರೆ ರೋಗ ಹಳೇ ಮಾತ್ರೆಗೆ ಬಗ್ಗದೆ ಹೋಗಬಹುದು. ಆಗ ಅದು ಅವರೊಬ್ಬರ ಇಷ್ಟದ ವಿಷಯವಲ್ಲ, ಅದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೂ ಅಂಟುತ್ತದೆ.

ಸಕ್ಕರೆ ಕಾಯಿಲೆಯ ಒಬ್ಬರು ಕಪ್ಪಾದ ಕಾಲಿನ ಹೆಬ್ಬೆರಳು ತೆಗೆಸಲು ಒಪ್ಪದೆ, ಸೊಪ್ಪು ಕಟ್ಟಿಸಿಕೊಳ್ಳುತ್ತೇನೆ ಅಂತ ಎದ್ದು ಹೋದರು. ನಾವು ಸಹಿ ಹಾಕಿಸಿಕೊಂಡು ಕಳಿಸಿದೆವು. ಮತ್ತೆ ಬಂದಾಗ ಮೊಣಕಾಲ ಕೆಳಗೆ ಪೂರ್ತಿ ತೆಗೆಯಬೇಕಾಯ್ತು. ಅವತ್ತು ಇನ್ನೊಂದು ಸ್ವಲ್ಪ ಗದರಿಸಿ ಕೂರಿಸಬೇಕಿತ್ತು.