ಹಿಂದುಗಡೆ ತಿರುಗಿಸಿ ನೋಡ್ರಪ್ಪಾ

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಬರೆದಾದರೂ ಹಗುರಾಗೋಣ ಅಂತ ಕೂತಿದ್ದೀನಿ. ಉದ್ದ ಆಗುತ್ತೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ನಮ್ಮ ತುಮಕೂರಿನ ಬಿ.ಎಚ್. ರಸ್ತೆ ಪಕ್ಕದಲ್ಲಿ ಹೊಸದಾಗಿ ಒಂದು ಕೆಫೆ ಆಗಿದೆ. "ಅಪ್ಪಾ, ಅಲ್ಲಿ ಎಲ್ಲಾ ಹಳೇ ಸಾಮಾನು ಇಟ್ಟಿದಾರೆ, ನಿಮಗೆ ಖುಷಿ ಆಗುತ್ತೆ ಬನ್ನಿ" ಅಂತ ಮಗಳು ಎಳಕೊಂಡು ಹೋದಳು. ಗೋಡೆ ತುಂಬ ಲಾಟೀನು, ಗ್ರಾಮಫೋನಿನ ಕೊಂಬು, ಅಕ್ಷರ ಉದುರಿದ ಟೈಪ್‌ರೈಟರು. ಫಿಲ್ಟರ್ ಕಾಫಿಗೆ ನೂರಾ ಎಂಬತ್ತು ರೂಪಾಯಿ. ಅದನ್ನೂ ನುಂಗಿಕೊಂಡೆ. ಆದರೆ ಮೂಲೆ ಸ್ಟ್ಯಾಂಡಿನ ಮೇಲೆ ಒಂದು 12 ಇಂಚಿನ ಪೋರ್ಟಬಲ್ ಟಿವಿ. ಪಿಕ್ಚರ್ ಟ್ಯೂಬ್ ಕಿತ್ತು ಬಿಸಾಕಿ ಆ ಬಾಯೊಳಗೆ ಸೀರಿಯಲ್ ಲೈಟು, ಪ್ಲಾಸ್ಟಿಕ್ ಬಳ್ಳಿ, ಒಂದು ಸಿಮೆಂಟಿನ ಬುದ್ಧ. ಮುಂದೆ ಚೀಟಿ: "1950ರ ಟಿವಿ".

1950!

ಸ್ವಾಮಿ, ನಮ್ಮ ದೇಶದಲ್ಲಿ ಟಿವಿ ಶುರುವಾಗಿದ್ದೇ 1959ರ ಸೆಪ್ಟೆಂಬರ್ 15ಕ್ಕೆ, ಅದೂ ದೆಹಲಿಯಲ್ಲಿ, ಪ್ರಯೋಗಕ್ಕೆ ಅಂತ. ಬೆಂಗಳೂರು ದೂರದರ್ಶನ ಕಣ್ಣು ಬಿಟ್ಟಿದ್ದು 1981ರ ರಾಜ್ಯೋತ್ಸವದ ದಿನ. ಅದಕ್ಕೆ ಮುಂಚೆ ಅಂದರೆ 1975-76ರಲ್ಲಿ ಉಪಗ್ರಹದಿಂದ ಒಂದು ವರ್ಷ ಹಳ್ಳಿಗಳಿಗೆ ಟಿವಿ ತೋರಿಸಿದ್ದುಂಟು, ಅದು ಕಲಬುರಗಿ, ರಾಯಚೂರು, ವಿಜಾಪುರದ ಕಡೆ. ತುಮಕೂರಿನವರು 1950ರಲ್ಲಿ ಪೋರ್ಟಬಲ್ ಟಿವಿ ಇಟ್ಟುಕೊಂಡು ಏನು ನೋಡುತ್ತಿದ್ದರಂತೆ, ದೇವರಾಯನದುರ್ಗದ ಮಂಗಗಳನ್ನಾ?

ಊರು ಬಿಡಿ, ಪ್ರಪಂಚದ ಲೆಕ್ಕವೇ ತಗೊಳ್ಳಿ. ಟ್ರಾನ್ಸಿಸ್ಟರ್ ಹಾಕಿದ ಪೋರ್ಟಬಲ್ ಟಿವಿ ಅಮೆರಿಕದಲ್ಲಿ ಫಿಲ್ಕೋ ಕಂಪನಿಯ ಸಫಾರಿ ಅಂತ 1959ರಲ್ಲಿ ಬಂತು. ಎರಡಿಂಚಿನ ಟ್ಯೂಬು, ಅದರ ಚಿತ್ರವನ್ನ ಕನ್ನಡಿಯಲ್ಲಿ ದೊಡ್ಡದು ಮಾಡಿ ನೋಡಬೇಕಿತ್ತು. ಮರುವರ್ಷ ಸೋನಿಯ 8 ಇಂಚಿನದು, 1962ರಲ್ಲಿ ಅದೇ ಸೋನಿಯ 5 ಇಂಚಿನದು. ಕೆಫೆಯ ಸೆಟ್ಟಿನ ಹಣೆ ಮೇಲೆ "ಸಾಲಿಡ್ ಸ್ಟೇಟ್" ಅಂತ ಬೆಳ್ಳಿ ಅಕ್ಷರದಲ್ಲಿ ಬರೆದಿದೆ. ಅಂದರೆ ಒಳಗೆ ಹಳೇ ಕಾಲದ ಗಾಜಿನ ವಾಲ್ವ್ ಇಲ್ಲ, ಎಲ್ಲಾ ಟ್ರಾನ್ಸಿಸ್ಟರ್ ಅಂತ ಕಂಪನಿಯೇ ಡಂಗುರ ಹೊಡೀತಿದೆ. ಅದರ ಕೆಳಗೇ ಇವರ 1950ರ ಚೀಟಿ.

ನನ್ನ ಮೇಲಿನ ರೂಮಿನ ಕತೆ ನಿಮಗೆ ಗೊತ್ತಲ್ಲ. ಹದಿನೇಳು ಹಳೇ ಟಿವಿ ಸೆಟ್ಟು ಕೂಡಿಟ್ಟಿದ್ದೀನಿ. ನಮ್ಮನೆಯವಳು ಅದಕ್ಕೆ ಶವಾಗಾರ ಅಂತ ಹೆಸರಿಟ್ಟಿದ್ದಾಳೆ. ಅವಳು ಅಂದಿದ್ದು ಪೂರ್ತಿ ಸುಳ್ಳಲ್ಲ, ಉಸಿರಾಡೋದು ಆರೇ. ಆದರೆ ಹದಿನೇಳರಲ್ಲಿ ಒಂದಕ್ಕೂ ಹಿಂದುಗಡೆ ನೋಡದೆ ನಾನು ಇಸವಿ ಹೇಳಿಲ್ಲ.

ಹಿಂದುಗಡೆ ನೋಡ್ರಪ್ಪಾ ಅಂತಲೇ ನಾನು ಬಡಕೊಳ್ಳೋದು. ಟಿವಿಯ ಮುಖ ಸುಳ್ಳು ಹೇಳುತ್ತೆ, ಬೆನ್ನು ಹೇಳಲ್ಲ. ಬೆನ್ನ ಮೇಲೆ ನೂರು ವೋಲ್ಟ್ ಅಂತಿದ್ದರೆ ಜಪಾನಿನವರು ತಮ್ಮೂರಿಗೇ ಮಾಡಿಕೊಂಡಿದ್ದು. 117 ಅಥವಾ 120 ವೋಲ್ಟ್, 60 ಸೈಕಲ್ (ಈಗಿನ ಹರ್ಟ್ಸ್) ಅಂದರೆ ಅಮೆರಿಕದ್ದು. ಚಾನೆಲ್ ತಿರುಗಿಸೋ ನಾಬ್ ಒಂದರಿಂದ ಹನ್ನೆರಡಾ? ಜಪಾನು. ಎರಡರಿಂದ ಹದಿಮೂರು, ಪಕ್ಕದ ನಾಬಿನಲ್ಲಿ 14ರಿಂದ 83ರವರೆಗಾ? ಅಮೆರಿಕದ್ದೇ, ಅದೂ ಹಳೇದು, ಯಾಕಂದ್ರೆ 70ರಿಂದ ಮೇಲಿನ ಚಾನೆಲ್‌ಗಳನ್ನ ಅವರು ಆಮೇಲೆ ಟಿವಿಯಿಂದ ಕಿತ್ತುಕೊಂಡರು. ನಮ್ಮದರಲ್ಲಿ ಎರಡರಿಂದ ಹನ್ನೆರಡು.

ಇನ್ನು ಟ್ಯೂಬಿನ ಮೇಲಿನ ಚೀಟಿ. ಯೂರೋಪಿನ ಲೆಕ್ಕದಲ್ಲಿ ಎ31 ಅಂತ ಶುರುವಾದರೆ ಓರೆಯಳತೆ 31 ಸೆಂಟಿಮೀಟರ್, ಅಂದರೆ 12 ಇಂಚು. ಜಪಾನಿನವರು ಅದನ್ನೇ ಮಿಲಿಮೀಟರಿನಲ್ಲಿ 310 ಅಂತ ಹಾಕಿದರು. ಅಮೆರಿಕದ ಲೆಕ್ಕದಲ್ಲಿ 12ರಿಂದ ಶುರುವಾಗಿ ಕೊನೆಗೆ ಪಿ4 ಅಂತ ಬಂದರೆ ಕಪ್ಪು ಬಿಳುಪು, ಪಿ22 ಅಂತ ಬಂದರೆ ಕಲರ್. ಕೆಫೆಯವರು ಮೊದಲು ಕಿತ್ತು ಬಿಸಾಕಿದ್ದು ಆ ಟ್ಯೂಬನ್ನೇ. ಜಾತಕ ಹರಿದುಹಾಕಿ ಆಮೇಲೆ ಹುಟ್ಟಿದ ವರ್ಷ ಊಹೆ ಮಾಡಿದ ಹಾಗೆ.

ಲಂಡನ್ನಿನಿಂದ ಆಸೆಪಟ್ಟು ತಂದ ಸೆಟ್ಟು ನಮ್ಮಲ್ಲಿ ಯಾಕೆ ಮೂಗನಾಗುತ್ತಿತ್ತು ಗೊತ್ತಾ? ನಮ್ಮಲ್ಲಿ ಚಿತ್ರಕ್ಕೂ ಧ್ವನಿಗೂ 5.5 ಮೆಗಾಹರ್ಟ್ಸ್ ಅಂತರ, ಅವರದು 6. ಎಷ್ಟೋ ಸೆಟ್ಟಿಗೆ ನಮ್ಮ ವಿಎಚ್‌ಎಫ್ (ಕೆಳಗಿನ ತರಂಗಪಟ್ಟಿ) ಚಾನೆಲ್ಲೇ ಇರುತ್ತಿರಲಿಲ್ಲ, ಚಿತ್ರವೂ ಇಲ್ಲ. ದುಬೈಯಿಂದ ತಂದಿದ್ದು ಮಾತ್ರ ಬಂದ ದಿನವೇ ಹಾಡುತ್ತಿತ್ತು, ಅವರದೂ ನಮ್ಮದೂ ಒಂದೇ ಪದ್ಧತಿ. ಕೆಫೆಯ ಸೆಟ್ಟಿನಲ್ಲಿ ಯುಎಚ್‌ಎಫ್ (ಮೇಲಿನ ತರಂಗಪಟ್ಟಿ) ಡಯಲ್ ಇಪ್ಪತ್ತೊಂದರಿಂದ ಶುರು, ವಿಎಚ್‌ಎಫ್ ಎರಡರಿಂದ ಹನ್ನೆರಡು, ಪಕ್ಕದಲ್ಲಿ 110-220 ಬದಲಾಯಿಸೋ ಸ್ವಿಚ್ಚು, 12 ವೋಲ್ಟ್ ಬ್ಯಾಟರಿಗೆ ತೂತು. ಗಲ್ಫಿನಿಂದ ಯಾರೋ ಹೆಗಲ ಮೇಲೆ ಹೊತ್ತು ತಂದ ಎಪ್ಪತ್ತರ ದಶಕದ ಕೊನೆಯ ಮಾಲು ಅಂತ ನನ್ನ ಲೆಕ್ಕ. ಕಂಪನಿಯ ಬ್ಯಾಡ್ಜ್ ಕಿತ್ತುಹೋಗಿತ್ತು, ಗೋಂದಿನ ಗುರುತು ಮಾತ್ರ.

ಹನ್ನೆರಡು ವೋಲ್ಟಿನ ತೂತು ಅಂದೆನಲ್ಲ. 1987ರಲ್ಲಿ ಭಾನುವಾರ ಬೆಳಗ್ಗೆ ರಾಮಾಯಣ. ಗುಬ್ಬಿ ಹತ್ತಿರದ ನಮ್ಮೂರಲ್ಲಿ ಸರಿಯಾಗಿ ಆ ಹೊತ್ತಿಗೇ ಕರೆಂಟ್ ಹೋಗೋದು. ದೊಡ್ಡಪ್ಪ ಟ್ರಾಕ್ಟರಿನ ಬ್ಯಾಟರಿ ಬಿಚ್ಚಿ ಜಗಲಿಗೆ ತರೋರು, 14 ಇಂಚಿನ ಸೆಟ್ಟಿಗೆ ಕ್ಲಿಪ್ ಹಾಕೋರು. ಸಿಗ್ನಲ್ ಬೆಂಗಳೂರಿಂದ ಬರಬೇಕು, ಹಾಗಾಗಿ ಆಂಟೆನಾ ತೆಂಗಿನಮರದ ಎತ್ತರಕ್ಕೆ, ಅದಕ್ಕೊಂದು ಬೂಸ್ಟರು ಬೇರೆ. ಮೇಲೆ ನಾನು. "ಬಂತಾ?" "ಬಂತು ಬಂತು... ಹೋಯ್ತು ಕಣೋ!" ಜಗಲಿ ತುಂಬ ಜನ ಕೈ ಮುಗಿದು ಕೂತಿರೋರು, ರಾಮನ ಮುಖದ ಮೇಲೆ ಕಾಳು ಸುರೀತಿರೋದು. ನಾನು ಕೆಳಗಿಳಿಯೋ ಹೊತ್ತಿಗೆ ಆ ವಾರದ ಕತೆ ಮುಗಿದಿರೋದು. ರಾಮಾಯಣವನ್ನ ಆ ವರ್ಷ ನಾನು ಬರೀ ಕಿವಿಯಲ್ಲಿ ಕೇಳಿದವನು.

ಇರಲಿ. ಕೆಫೆಗೆ ಬರೋಣ.

ನೀವು ಕಾಮೆಂಟಿನಲ್ಲಿ ಏನು ಬರೀತೀರ ಅಂತ ಗೊತ್ತು. "ಸಾರ್, ದೂರದರ್ಶನದ ಹಳೇ ಟವರುಗಳೇ ಮುಚ್ಚಿಹೋದವು, ಆ ಡಬ್ಬದಲ್ಲಿ ಏನು ಬರುತ್ತೆ? ಗುಜರಿಗೆ ಹೋಗೋದಕ್ಕಿಂತ ಶೋಕೇಸಿನಲ್ಲಿರೋದು ವಾಸಿ ಅಲ್ವಾ?" ಅಲ್ಲ. ಮಕ್ಕಳ ವಿಡಿಯೋ ಗೇಮಿನಿಂದ ಕಿತ್ತ ಒಂದು ಆರ್‌ಎಫ್ ಡಬ್ಬಿ (ಚಿತ್ರವನ್ನ ಟಿವಿ ಚಾನೆಲ್ ಮಾಡಿಕೊಡೋದು) ಸಾಕು, ಮೊಬೈಲಿನ ಸಿನಿಮಾ ಕೂಡ ಇಂಥ ಸೆಟ್ಟಿನಲ್ಲಿ ಕಪ್ಪು ಬಿಳುಪಲ್ಲಿ ಬರುತ್ತೆ, ನನ್ನ ಆರರಲ್ಲೂ ಬರುತ್ತೆ. ಬರದೇ ಇದ್ದರೂ ಕರುಳು ಕಿತ್ತು ಬುದ್ಧನ್ನ ಕೂರಿಸೋಕೆ ಯಾರು ಹೇಳಿದರು? ಶೋಕೇಸಿಗೇ ಇಡೋದಾದರೆ ಟ್ಯೂಬಿನ ಸಮೇತ ಇಡಿ, ಭಾರ ಆಗುತ್ತಾ? (ಕಿತ್ತ ಮಹಾನುಭಾವನ ಪುಣ್ಯ ಗಟ್ಟಿ. ಇಂಥ ಸಣ್ಣ ಸೆಟ್ಟಿನಲ್ಲೂ ಟ್ಯೂಬಿಗೆ ಹತ್ತು ಸಾವಿರ ವೋಲ್ಟಿನ ಹತ್ತಿರ ಹೋಗುತ್ತೆ, ಪ್ಲಗ್ ತೆಗೆದ ಮೇಲೂ ಒಳಗೆ ಕೂತಿರುತ್ತೆ. ಗೊತ್ತಿಲ್ಲದವರು ಸ್ಕ್ರೂಡ್ರೈವರ್ ಹಿಡಿದು ಹೋಗಬೇಡಿ.)

ಇದು ವಾಚು ಮಾಡಿದ ಊರು ಕಣ್ರೀ! ನಮ್ಮ ಎಚ್‌ಎಂಟಿ ಫ್ಯಾಕ್ಟರಿ ಮುಚ್ಚಿ, ಜಾಗ ಇಸ್ರೋಗೆ ಹೋಗಿ, ಈಗ ಆ ವಾಚುಗಳ ಹಿಂದೆ ಹುಡುಗರು ಬಿದ್ದಿದ್ದಾರೆ. ಅವರನ್ನ ನೋಡಿ. ಕೈಗೆ ವಾಚು ಬಂದ ತಕ್ಷಣ ಡಯಲ್ ನೋಡಲ್ಲ, ಹಿಂದಿನ ಮುಚ್ಚಳ ನೋಡ್ತಾರೆ. ವಾಚಿಗೆ ಸಿಕ್ಕೋ ಮರ್ಯಾದೆ ಟಿವಿಗೆ ಯಾಕಿಲ್ಲ? ಹಿಂದುಗಡೆ ನೋಡೋಕೆ ಎಷ್ಟು ಹೊತ್ತು ಬೇಕು?

ಇಷ್ಟು ಕೂಗಾಡಿದ ಮೇಲೆ ಒಂದು ಹೇಳಲೇಬೇಕು. ಆ ಸೆಟ್ಟನ್ನ ನಾನು ಮೊದಲೇ ನೋಡಿದ್ದೆ.

ಮೂರು ವರ್ಷದ ಹಿಂದೆ, ಮಂಡಿಪೇಟೆ ಕಡೆ ಒಂದು ಗುಜರಿ ಅಂಗಡಿಯಲ್ಲಿ. ಹಿಡಿಗೆ ನೀಲಿ ಇನ್ಸುಲೇಷನ್ ಟೇಪು, ಬಲಮೂಲೆಯಲ್ಲಿ ಮೊಳೆಯಿಂದ ಗೀಚಿದ "ರಾ" ಅಕ್ಷರ. ಆಗ ಟ್ಯೂಬ್ ಇತ್ತು, ಬ್ಯಾಡ್ಜೂ ಇತ್ತೋ ಏನೋ, ಧೂಳಲ್ಲಿ ಕಂಡಿರಲಿಲ್ಲ. ಅವನು ಎಂಟುನೂರು ಅಂದ. ನಾನು ಆರುನೂರು ಅಂದೆ. ಏಳುನೂರಕ್ಕೆ ಇಳಿದ. ನನಗೆ ಹಟ. ಇನ್ನೊಂದು ವಾರ ಬಿಟ್ಟು ಹೋದರೆ ತಾನೇ ಆರುನೂರಕ್ಕೆ ಕೊಡ್ತಾನೆ ಅಂತ ಜಾಣನ ಥರ ಎದ್ದು ಬಂದೆ. ವಾರ ಬಿಟ್ಟು ಹೋದಾಗ ಸೆಟ್ಟಿರಲಿಲ್ಲ. ಆವತ್ತು ನಾನೂ ಅದರ ಹಿಂದುಗಡೆ ತಿರುಗಿಸಿ ನೋಡಿರಲಿಲ್ಲ. ಆಸೆ ತೋರಿಸಿದರೆ ರೇಟು ಏರಿಸ್ತಾನೆ ಅಂತ ಮುಟ್ಟಲೂ ಇಲ್ಲ. ನೂರು ರೂಪಾಯಿಗೆ. ನಿನ್ನೆ ಕಾಫಿಗೆ ಕೊಟ್ಟಿದ್ದು ಅದಕ್ಕಿಂತ ಜಾಸ್ತಿ.

ಕೌಂಟರಿನ ಹುಡುಗನನ್ನ ಕೇಳಿದೆ, ಟ್ಯೂಬ್ ಏನಾಯ್ತಪ್ಪಾ ಅಂತ. "ಅದು ಬರೋವಾಗ್ಲೇ ಇರ್ಲಿಲ್ಲ ಅಂಕಲ್, ಗುಜರಿಯೋರು ತಾಮ್ರಕ್ಕೆ ಒಡ್ದಿರ್ತಾರೆ." ಟ್ಯೂಬಿನ ಕುತ್ತಿಗೆಗೆ ಸುತ್ತಿದ ಕಾಯಿಲ್ ಬಿಚ್ಚೋಕೆ ಕುತ್ತಿಗೆನೇ ಮುರೀತಾರೆ, ನಿಜ. ಕೆಫೆಯವರ ಮೇಲಿನ ನನ್ನ ಅರ್ಧ ಸಿಟ್ಟು ಅಲ್ಲೇ ವ್ಯರ್ಥವಾಯ್ತು. 1950ರ ಸಿಟ್ಟು ಹಾಗೇ ಇದೆ, ಅದನ್ನ ಬಿಡಲ್ಲ.

"ಹಿಂದಿನ ಮುಚ್ಚಳ?" ಅಂದೆ. ಲೈಟಿನ ವೈರು ಒಳಗೆ ಬಿಡೋಕೆ ಅಡ್ಡ ಬಂತು ಅಂತ ತೆಗೆದು ಸ್ಟೋರಲ್ಲಿ ಹಾಕಿದ್ರಂತೆ. ಹುಡುಗ ಒಳ್ಳೆಯವನು, ತಂದುಕೊಟ್ಟ. ದುಡ್ಡು ಬೇಡ ಅಂದ. ರಾತ್ರಿ ಒದ್ದೆ ಹತ್ತಿಯಲ್ಲಿ ಮೆಲ್ಲಗೆ ಒರೆಸಿದೆ. ಕಾಗದದ ಲೇಬಲ್ಲನ್ನ ಜಿರಲೆ ಮುಕ್ಕಾಲು ತಿಂದಿದೆ. ಉಳಿದಿರೋದು "ಟಿಆರ್" ಅನ್ನೋ ಎರಡಕ್ಷರ, ಅದರ ಮುಂದೆ ತೂತು. ನ್ಯಾಷನಲ್ ಪ್ಯಾನಸೋನಿಕ್‌ನವರ ಕಪ್ಪು ಬಿಳುಪು ಪೋರ್ಟಬಲ್‌ಗಳ ನಂಬರು ಟಿಆರ್ ಅಂತ ಶುರುವಾಗೋದು ನೋಡಿದೀನಿ. ಅರ್ಧ ಗುರುತು ಸಿಕ್ಕಿದ ಹಾಗಾಯ್ತು.

ಮುಚ್ಚಳವನ್ನ ಮೇಲಿನ ರೂಮಿನ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದೀನಿ. ನಮ್ಮನೆಯವಳು ಬೆಳಗ್ಗೆ ಕಸ ಗುಡಿಸೋಕೆ ಬಂದವಳು ಒಂದು ನಿಮಿಷ ನಿಂತು ನೋಡಿ, "ಇದರ ಟಿವಿ ಎಲ್ರೀ?" ಅಂದಳು. ಕೆಫೆಯಲ್ಲಿದೆ, ಬುದ್ಧ ಕೂತಿದಾನೆ ಅಂದೆ. ಇನ್ನೇನೂ ಕೇಳಲಿಲ್ಲ.

ಯಾರ ಮನೆ ಅಟ್ಟದಲ್ಲಾದರೂ 12 ಇಂಚಿನ ಒಡೆಯದ ಟ್ಯೂಬಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಈ ಸಲ ಚೌಕಾಸಿ ಮಾಡಲ್ಲ.